ಸ್ಕೇಲ್ ಮೇಷ್ಟ್ರ ಹೆಸರಿಲ್ಲದ ಗ್ರಾಫ್

ಓಣಿಯ ಕೊನೆಯ ದೀಪವೂ ಆರಿ, ಪಕ್ಕದ ಮನೆಯ ರೇಡಿಯೋ ಕೂಡ ಮಾತಾಡಿ ಮಾತಾಡಿ ಸುಸ್ತಾಗಿ ಸುಮ್ಮನಾದ ಮೇಲೆ, ಅಡುಗೆಮನೆಯಿಂದ ‘ಟಿಣ್’ ಎಂದು ಸಣ್ಣದೊಂದು ಸದ್ದು ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ‘ಟಿಣ್’. ಇಲಿಯಾಗಿದ್ದರೆ ಇಷ್ಟು ಶಿಸ್ತಾಗಿ ಸದ್ದು ಮಾಡುತ್ತಿರಲಿಲ್ಲ ಎಂದು ಮೇಷ್ಟ್ರ ಹೆಂಡತಿ ಮಲಗಿದಲ್ಲೇ ತೀರ್ಮಾನಿಸಿ, ಗಂಡನನ್ನು ಎಬ್ಬಿಸಲು ಪಕ್ಕಕ್ಕೆ ಕೈ ಚಾಚಿದಳು. ಕೈಗೆ ಸಿಕ್ಕಿದ್ದು ದಿಂಬು ಮಾತ್ರ.

ಸದ್ದು ಮಾಡುತ್ತಿದ್ದವರು ಮೇಷ್ಟ್ರೇ. ಶಾಲೆಯ ಪ್ರಯೋಗಾಲಯದಿಂದ ತಂದ ಗಾಜಿನ ಥರ್ಮಾಮೀಟರ್ ಸ್ಟೀಲ್ ಲೋಟದ ಅಂಚಿಗೆ ತಗುಲಿದಾಗಲೆಲ್ಲ ‘ಟಿಣ್’ ಎನ್ನುತ್ತಿತ್ತು. ಲೋಟದಲ್ಲಿ ಬಿಸಿನೀರು. ಅದು ಆರುತ್ತ ಹೋದ ಹಾಗೆ ಐದೈದು ನಿಮಿಷಕ್ಕೊಮ್ಮೆ ಉಷ್ಣತೆ ನೋಡಿ, ದೊಡ್ಡ ಗ್ರಾಫ್ ಹಾಳೆಯ ಮೇಲೆ ಒಂದೊಂದು ಗುರುತು ಹಾಕುವುದು ಅವರ ಕೆಲಸ. ಇದನ್ನು ಹಗಲು ಹೊತ್ತಿನಲ್ಲಿ ರಾಜಾರೋಷವಾಗಿಯೇ ಮಾಡಬಹುದಿತ್ತು. ಆದರೆ ಹಿಂದೊಮ್ಮೆ ಮಕ್ಕಳಿಗೆ ಆಮ್ಲದ ಗುಣ ತೋರಿಸಲು ಹೋಗಿ ಹೆಂಡತಿಯ ತವರಿನ ಪಾತ್ರೆಯೊಂದಕ್ಕೆ ತೂತು ಬಿದ್ದಂದಿನಿಂದ ಆ ಮನೆಯ ಅಡುಗೆಮನೆಯಲ್ಲಿ ವಿಜ್ಞಾನಕ್ಕೆ ಪ್ರವೇಶವಿರಲಿಲ್ಲ.

ಆ ರಾತ್ರಿ ವಿಜ್ಞಾನ ಚೆನ್ನಾಗಿಯೇ ನಡೆದಿತ್ತು. ತೊಂಬತ್ತು ಡಿಗ್ರಿಯಲ್ಲಿ ಹೊರಟ ನೀರು ಮೊದಲು ಕಡಿದಾಗಿ ಇಳಿದು, ಆಮೇಲೆ ನಿಧಾನವಾಗಿ, ಕೊನೆಗೆ ಮೂವತ್ತರ ಹತ್ತಿರ ಬಂದು ಕಾಲು ಚಾಚಿ ಮಲಗಿತ್ತು. ಮೇಷ್ಟ್ರು ಉಸಿರು ಬಿಗಿಹಿಡಿದು ಗುರುತುಗಳ ಮೂಲಕ ಒಂದು ನಯವಾದ ಗೆರೆ ಎಳೆದರು. ಇನ್ನು ಅಕ್ಷಗಳಿಗೆ ಹೆಸರು ಬರೆಯುವುದು, ಮೇಲೊಂದು ಶೀರ್ಷಿಕೆ ಕೊಡುವುದು ಬಾಕಿ. ಮೊದಲೇ ಬರೆಯಬಹುದಿತ್ತು, ಆದರೆ ಮೇಷ್ಟ್ರು ಅಕ್ಷರ ಕೊರೆಯುವವರೆಗೂ ನೀರು ಆರದೆ ಕೂರುವುದಿಲ್ಲ. ಇಂಕ್ ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಬಾಗಿಲಲ್ಲಿ ದನಿ ಕೇಳಿಸಿತು.

“ಏನ್ರೀ ಮಾಡ್ತಿದ್ದೀರಾ ಇಷ್ಟೊತ್ತಲ್ಲಿ?”

ಮೇಷ್ಟ್ರು ಲೋಟವನ್ನು ಬೆನ್ನ ಹಿಂದೆ ತಳ್ಳಿದರು. ಹಾಳೆಯನ್ನು ಸರಸರನೆ ಸುತ್ತಿದರು. ಉಳಿದ ಥರ್ಮಾಮೀಟರನ್ನು ಎಲ್ಲಿಡಬೇಕೆಂದು ತೋಚದೆ ಕಂಕುಳಿಗೆ ಸಿಕ್ಕಿಸಿಕೊಂಡರು. ಅವರಿಗೆ ಮೊದಲೇ ಕಚಗುಳಿ ಜಾಸ್ತಿ. ನಗು ತಡೆಯಲು ಹಲ್ಲು ಕಚ್ಚಿ ಮುಖವನ್ನು ಹಿಂಡಿದ ಬಟ್ಟೆಯಂತೆ ಮಾಡಿಕೊಂಡರು.

“ಏನೂ ಇಲ್ಲ ಕಣೆ. ನೀನು ಮಲಕ್ಕೋ.”

ಕಂಕುಳಲ್ಲಿ ಜ್ವರದ ಕಡ್ಡಿ, ಮುಖದ ಮೇಲೆ ಸಂಕಟ, ಬಾಯಲ್ಲಿ ‘ಏನೂ ಇಲ್ಲ’. ಆಕೆ ಮತ್ತೇನೂ ಕೇಳಲಿಲ್ಲ. ಹೆಂಡತಿ ಮತ್ತೇನೂ ಕೇಳದಿದ್ದರೆ ಗಂಡಂದಿರು ಅದನ್ನು ತಮ್ಮ ಗೆಲುವೆಂದು ತಿಳಿಯುತ್ತಾರೆ. ಮೇಷ್ಟ್ರೂ ಹಾಗೇ ತಿಳಿದು, ಹಾಳೆಯನ್ನು ಮಂಚದ ಕೆಳಗೆ ಸೇರಿಸಿ, ಹೆಸರುಗಳನ್ನೂ ಬರೆದು ಮುಗಿಸಿದವರ ನೆಮ್ಮದಿಯಲ್ಲಿ ನಿದ್ದೆಹೋದರು.

ಹಾಳೆಯ ಹಿಂದೆ ಮೇಷ್ಟ್ರ ಬದುಕಿನ ಪ್ರಶ್ನೆಯೇ ಇತ್ತು. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವ ಅವರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಪ್ರತಿ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ‘ಈ ಸಲ ಕರೀತಾರೋ ಇಲ್ವೋ’ ಎಂದು ಗೇಟಿನ ಕಡೆ ನೋಡುತ್ತ ಕೂರಬೇಕಾಗಿತ್ತು. ಈಗ ಬರುವ ಗುರುವಾರ ಇಲಾಖೆಯ ಅಧಿಕಾರಿಗಳು ಬಂದು ಅವರ ಒಂದು ಪಾಠ ನೋಡುವವರಿದ್ದರು. ಅಧಿಕಾರಿಗಳು ‘ತೃಪ್ತಿಕರ’ ಎಂದು ಬರೆದರೆ ಕೆಲಸ ಕಾಯಂ. ಪಾಠದ ವಿಷಯ: ಸ್ಪಷ್ಟವಾದ, ನಿಖರವಾದ ಗ್ರಾಫ್ ರಚಿಸುವುದು ಹೇಗೆ. ಈ ವಿಷಯ ಕೊಟ್ಟಾಗ ಮೇಷ್ಟ್ರಿಗೆ ಮೀನಿಗೆ ಈಜಿನ ಪರೀಕ್ಷೆ ಇಟ್ಟ ಹಾಗಾಗಿತ್ತು. ಜೇಬಿನಲ್ಲಿ ಪೆನ್ನಿಲ್ಲದಿದ್ದರೂ ಆರಿಂಚಿನ ಸ್ಕೇಲ್ ಇಟ್ಟುಕೊಂಡೇ ಓಡಾಡುವ ಅವರಿಗೆ ಮಕ್ಕಳು ‘ಸ್ಕೇಲ್ ಮೇಷ್ಟ್ರು’ ಎಂದೇ ಹೆಸರಿಟ್ಟಿದ್ದರು.

ಸೋಮವಾರ ತರಗತಿಯಲ್ಲಿ ಅವರು ಉಮೇದಿನಲ್ಲಿದ್ದರು. ಬೆಂಚುಗಳ ನಡುವೆ ಓಡಾಡುತ್ತ ಒಬ್ಬನ ಪುಸ್ತಕದ ಮುಂದೆ ನಿಂತರು.

“ಚುಕ್ಕೆ ಇಡು ಅಂದ್ರೆ ಗುಂಡಿ ಹೊಲಿದಿದ್ದೀಯಲ್ಲಪ್ಪ. ಇದರಲ್ಲಿ ನಿಜವಾದ ಜಾಗ ಯಾವುದು? ಗುಂಡಿ ನಡುವಿಂದಾ, ಅಂಚಿಂದಾ?”

“ಪೆನ್ಸಿಲ್ ಮೊಂಡು ಸಾರ್.”

“ಪೆನ್ಸಿಲ್ ಪಾಪ, ಯಾರು ಹಿಡಿದ್ರೂ ಒಪ್ಪಿಕೊಳ್ಳುತ್ತೆ.” ಮುಂದಿನ ಬೆಂಚಿಗೆ ಹೋದರು. “ನೀನಮ್ಮ, ಎರಡರಿಂದ ನಾಲ್ಕಕ್ಕೂ ಒಂದು ಮನೆ, ಏಳರಿಂದ ಹದಿನೈದಕ್ಕೂ ಒಂದೇ ಮನೆ. ನಿಮ್ಮನೇಲಿ ಹಾಲು ಅಳೆಯೋದೂ ಹೀಗೇನಾ?”

“ಇಲ್ಲ ಸಾರ್. ಅಮ್ಮ ಬೈತಾಳೆ.”

“ಇಲ್ಲಿ ಬೈಯೋಕೆ ನಾನಿದ್ದೀನಲ್ಲ. ಅಳಿಸು.” ಗಿಡದ ದಿನದಿನದ ಎತ್ತರ ಗುರುತಿಸಿದ್ದ ಮೂರನೆಯವನ ಹಾಳೆಯನ್ನು ಅವರು ಎತ್ತಿ ಎಲ್ಲರಿಗೂ ತೋರಿಸಿದರು. “ಇವನ ಗಿಡ ನೋಡಿ. ಸೋಮವಾರದಿಂದ ಬುಧವಾರಕ್ಕೆ ಹೋಗಿ, ಅಲ್ಲಿಂದ ಮತ್ತೆ ಮಂಗಳವಾರಕ್ಕೆ ವಾಪಸ್ ಬಂದಿದೆ. ಏನೋ ಮರೆತು ಬಂದಿತ್ತು ಅನ್ಸುತ್ತೆ.”

ತರಗತಿ ನಕ್ಕಿತು. ಗಿಡದ ಯಜಮಾನನೂ ನಕ್ಕ. ಮೇಷ್ಟ್ರು ಹಲಗೆಯ ಮುಂದೆ ನಿಂತು ದಿನದ ಕೊನೆಯ ಪಾಠ ಒಪ್ಪಿಸಿಕೊಂಡರು.

“ಕೈಯಲ್ಲೇ ಎಳೆದ ಅಕ್ಷಕ್ಕೆ?”

“ಅಳಿಸೋದು ಸಾರ್.”

“ಏಕಮಾನ ಬರೀದಿದ್ರೆ?”

“ಅರ್ಧ ಅಂಕ ಸಾರ್.”

“ಅಕ್ಷಗಳಿಗೆ ಹೆಸರೇ ಬರೀದಿದ್ರೆ?”

“ಸೊನ್ನೆ ಸಾರ್,” ಎಂದು ಇಡೀ ತರಗತಿ ಒಂದೇ ಗಂಟಲಲ್ಲಿ ಹೇಳಿತು.

“ಯಾರು ಬರೆದ್ರೂ ಸೊನ್ನೆ. ನಿಮ್ಮಪ್ಪ ಬರೆದ್ರೂ ಸೊನ್ನೆ, ನಾನು ಬರೆದ್ರೂ ಸೊನ್ನೆ,” ಎಂದು ಮೇಷ್ಟ್ರು ಧಾರಾಳವಾಗಿ ಹೇಳಿ ಕೈಯ ಸೀಮೆಸುಣ್ಣ ಕೊಡವಿದರು.

ಅದೇ ಹೊತ್ತಿಗೆ ಮನೆಯಲ್ಲಿ ಅವರ ಹೆಂಡತಿ ಕಸ ಗುಡಿಸುತ್ತ ಮಂಚದ ಕೆಳಗೆ ಪೊರಕೆ ಹಾಕಿದಳು. ಪೊರಕೆಗೆ ಸುರುಳಿಯೊಂದು ಸಿಕ್ಕಿತು. ಬಿಚ್ಚಿದಳು. ಎಡಗಡೆ ಮೇಲಿಂದ ಕೆಳಕ್ಕೆ ತೊಂಬತ್ತು, ಎಂಬತ್ತು ಎಂದು ಅಂಕಿಗಳು. ತಳದಲ್ಲಿ ಐದು, ಹತ್ತು ಎಂದು ಅರವತ್ತರವರೆಗೆ. ಮೇಲೆ ಶುರುವಾಗಿ ಕೆಳಗೆ ಬಿದ್ದುಹೋದ ಒಂದು ಗೆರೆ. ಬೇರೆ ಒಂದಕ್ಷರವಿಲ್ಲ. ರಾತ್ರಿಯ ಕಂಕುಳು ಕಣ್ಣ ಮುಂದೆ ಬಂತು. ಆಕೆಯ ಕಣ್ಣು ತುಂಬಿಕೊಂಡಿತು.

ಪಕ್ಕದ ಮನೆಯಲ್ಲಿ ಕಾಂಪೌಂಡರ್ ಇದ್ದರು. ಆಸ್ಪತ್ರೆಯಲ್ಲಿ ಔಷಧಿ ಕಟ್ಟಿ ಕಟ್ಟಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಅವರ ವೈದ್ಯಕೀಯ ಜ್ಞಾನ ಯಾರ ತಡೆಯೂ ಇಲ್ಲದೆ ಬೆಳೆದಿತ್ತು. ಹಾಳೆಯನ್ನು ತೋಳಿನಷ್ಟು ದೂರ ಹಿಡಿದು ನೋಡಿದರು.

“ಜ್ವರ ಅಲ್ಲಮ್ಮ ಇದು. ಜ್ವರದ ಅಂಕಿ ಹೀಗಿರಲ್ಲ.”

“ಮತ್ತೆ?”

“ನಾಡಿ.” ಬೆರಳಿಂದ ಗೆರೆಯ ಮೇಲೆ ಜಾರಿದರು. “ನೋಡು, ತೊಂಬತ್ತು ಹೊಡ್ಕೊಳ್ತಿದ್ದಿದ್ದು ಇಲ್ಲಿ ಅರವತ್ತು, ಇಲ್ಲಿ ನಲವತ್ತು, ಈಗ ಮೂವತ್ತು. ಕೆಳಗಡೆ ಇರೋದು ದಿನಗಳು. ಎರಡು ತಿಂಗಳಿಂದ ಒಬ್ಬರೇ ಲೆಕ್ಕ ಇಟ್ಕೊಂಡಿದ್ದಾರೆ.”

“ಮೂವತ್ತಾದ್ರೆ ಮನುಷ್ಯ ಓಡಾಡಬಹುದಾ?”

“ಓಡಾಡಬಾರದು,” ಎಂದರು ಕಾಂಪೌಂಡರ್ ಗಂಭೀರವಾಗಿ. “ಇವರು ಓಡಾಡ್ತಿದ್ದಾರೆ. ಅದೇ ಆಶ್ಚರ್ಯ.”

ಆಕೆ ಹಾಳೆಯ ಫೋಟೋ ತೆಗೆದು ಅಣ್ಣನಿಗೆ ಕಳಿಸಿ, ಸುರುಳಿಯನ್ನು ಇದ್ದಲ್ಲೇ ಇಟ್ಟಳು. ಕೆಲಸ ಕಾಯಂ ಆಗುವವರೆಗೆ ಕಾಯಿಲೆ ಮುಚ್ಚಿಡುತ್ತಿದ್ದಾರೆ, ಕೇಳಿದರೆ ಇನ್ನಷ್ಟು ಮುಚ್ಚಿಡುತ್ತಾರೆ ಎಂಬುದು ಆಕೆಯ ಲೆಕ್ಕ. ಅಣ್ಣನದು ಜೆರಾಕ್ಸ್ ಅಂಗಡಿ. ಯಾವ ವಿಷಯವನ್ನಾದರೂ ದೊಡ್ಡದು ಮಾಡುವುದು ಅವನ ಕಸುಬು. ತಂಗಿಯ ಫೋಟೋವನ್ನು ಮಿಷನ್ನಿಗೆ ಕೊಟ್ಟು, ಹಿಗ್ಗಿಸಿ, ಕಪ್ಪು ಹೆಚ್ಚಿಸಿ ಅಚ್ಚು ತೆಗೆದ. ಹಾಳೆಯ ಸಣ್ಣ ಚೌಕಗಳೆಲ್ಲ ಮಾಯವಾಗಿ, ಉಳಿದದ್ದು ಹಗ್ಗದಷ್ಟು ದಪ್ಪದ ಗೆರೆ, ಅದರ ಮೇಲೆ ನೊಣಗಳಂತೆ ಕುಳಿತ ಗುರುತುಗಳು, ಪಕ್ಕದಲ್ಲಿ ಅಂಕಿಗಳು. ಅದನ್ನೊಂದು ಫೈಲಿಗೆ ಹಾಕಿ, ಫೈಲಿನ ಮೇಲೆ ಭಾವಮೈದುನನ ಹೆಸರು ಬರೆದು, ಕೆಳಗೆ ಮುದ್ದಾದ ಅಕ್ಷರದಲ್ಲಿ ‘ಹೃದಯ’ ಎಂದು ಬರೆದ. ಇಡೀ ಪ್ರಕರಣದಲ್ಲಿ ಯಾರಾದರೂ ಯಾವುದಕ್ಕಾದರೂ ಹೆಸರು ಕೊಟ್ಟಿದ್ದರೆ ಅದು ಇಷ್ಟೇ.

ಸಂಜೆ ಮೇಷ್ಟ್ರು ಮನೆಗೆ ಬಂದಾಗ ಓಣಿಯ ವಾತಾವರಣವೇ ಬದಲಾಗಿತ್ತು. ಗೇಟಿನ ಹತ್ತಿರ ಕಾಯುತ್ತಿದ್ದ ಕಾಂಪೌಂಡರ್ ಕೈ ಕುಲುಕಿದರು, ಕುಲುಕಿದ ಕೈ ಬಿಡಲಿಲ್ಲ. ಎರಡು ಬೆರಳು ಮಣಿಕಟ್ಟಿನ ಮೇಲೆ ಒತ್ತಿ, ಕಣ್ಣು ಗಡಿಯಾರದ ಮೇಲಿಟ್ಟು, “ಗುರುವಾರ ಪಾಠ ಅಂತೆ, ಒಳ್ಳೇದಾಗ್ಲಿ, ಒಳ್ಳೇದಾಗ್ಲಿ” ಎಂದು ಬಹಳ ಹೊತ್ತು ಹಾರೈಸಿದರು. ಹೆಂಡತಿ ಓಡಿಬಂದು ಚೀಲ ಕಿತ್ತುಕೊಂಡಳು. ಮೆಟ್ಟಿಲ ಮೇಲೆ ಹಿಂದಿನಿಂದ ಬೆನ್ನಿಗೆ ಕೈಕೊಟ್ಟಳು. ಊಟದಲ್ಲಿ ಉಪ್ಪಿರಲಿಲ್ಲ. ಮೇಷ್ಟ್ರು ಉಪ್ಪು ಕೇಳಿದ್ದಕ್ಕೆ ಆಕೆ ಅವರ ಕೆನ್ನೆ ಸವರಿದಳು.

ಮದುವೆಯಾದ ವರ್ಷ ಬಿಟ್ಟರೆ ಮೇಷ್ಟ್ರ ಕೆನ್ನೆಗೆ ಇಂಥ ಯೋಗ ಬಂದಿರಲಿಲ್ಲ. ಕಾಯಂ ಆಗುವ ಮನುಷ್ಯನಿಗೆ ಸಿಗುವ ಮರ್ಯಾದೆಯೇ ಬೇರೆ ಎಂದುಕೊಂಡು ಅವರು ಉಪ್ಪಿಲ್ಲದ ಊಟವನ್ನು ಎರಡು ಸಲ ಬಡಿಸಿಕೊಂಡರು.

ಮಂಗಳವಾರ ಆ ಮರ್ಯಾದೆ ಶಾಲೆಗೂ ಬಂದಿತ್ತು. ಹೆಡ್ ಮೇಡಂ ತಮ್ಮ ಕೋಣೆಗೆ ಕರೆಸಿ, ಸಾಮಾನ್ಯವಾಗಿ ಪೋಷಕರಿಗೆ ಮಾತ್ರ ಕೊಡುವ ಮೆತ್ತನೆಯ ಕುರ್ಚಿ ತೋರಿಸಿದರು.

“ನಿಧಾನಕ್ಕೆ ಕೂತ್ಕೊಳ್ಳಿ ಮೇಷ್ಟ್ರೇ. ಗುರುವಾರದ ಪಾಠ ಡ್ರಾಯಿಂಗ್ ಮೇಡಂ ಮಾಡ್ತಾರೆ. ನೀವು ವಿಶ್ರಾಂತಿ ತಗೊಳ್ಳಿ.”

ಮೇಷ್ಟ್ರಿಗೆ ಕುರ್ಚಿ ಇನ್ನೂ ಒಳಕ್ಕೆ ಹೋದ ಹಾಗನ್ನಿಸಿತು. “ಡ್ರಾಯಿಂಗ್ ಮೇಡಮ್ಮಾ? ಗ್ರಾಫನ್ನಾ?”

“ಗೆರೆ ಕೆಳಗಿನ ಜಾಗಕ್ಕೆ ಹಸಿರು ಬಳೀತಾರಂತೆ. ಕಣ್ಣಿಗೆ ತಂಪಾಗಿರುತ್ತೆ ಅಂದ್ರು.”

“ಮೇಡಂ, ನನಗೇನಾಗಿದೆ ಅಂತ ವಿಶ್ರಾಂತಿ?”

ಹೆಡ್ ಮೇಡಂ ಕನ್ನಡಕ ತೆಗೆದು ಒರೆಸಿದರು. “ನಮ್ಮ ಹತ್ರ ಮುಚ್ಚಿಡಬೇಡಿ. ಪ್ರಶ್ನೆಪತ್ರಿಕೆ ತರೋಕೆ ನಿಮ್ಮ ಭಾವನ ಅಂಗಡಿಗೆ ಹೋಗಿದ್ದೆ. ನಿಮ್ಮ ರಿಪೋರ್ಟ್ ನೋಡ್ದೆ. ಇಂಥ ಎದೆ ಇಟ್ಕೊಂಡು ನೀವು ಪ್ರಾರ್ಥನೆಗೆ ನಿಲ್ತಿದ್ರಲ್ಲ, ಅದೇ ದೊಡ್ಡದು.”

“ಯಾವ ರಿಪೋರ್ಟು?”

“ಪಾಪ,” ಎಂದರು ಹೆಡ್ ಮೇಡಂ, ಗೋಡೆಯ ಕಡೆ ತಿರುಗಿ. ಆಮೇಲೆ ತುಸು ಕರಗಿ, “ಡಾಕ್ಟರ ಹತ್ರ ಆರೋಗ್ಯವಾಗಿದ್ದೀನಿ ಅಂತ ಒಂದು ಸರ್ಟಿಫಿಕೇಟ್ ತನ್ನಿ. ತಂದ್ರೆ ಪಾಠ ನಿಮ್ಮದೇ. ಇಲ್ದಿದ್ರೆ ತರಗತಿ ಮಧ್ಯ ನೀವು ಹೋಗಿಬಿಟ್ರೆ ಅಧಿಕಾರಿಗಳ ಮುಂದೆ ನಾನೇನು ಹೇಳಲಿ?”

ಮೇಷ್ಟ್ರು ಹೊರಗೆ ಬಂದು ಕಾರಿಡಾರಿನಲ್ಲಿ ನಿಂತರು. ತನಗೆ ಗೊತ್ತಿಲ್ಲದ ತನ್ನ ರಿಪೋರ್ಟು ಭಾವನಿಗೆ ಗೊತ್ತು, ಹೆಡ್ ಮೇಡಮ್ಮಿಗೆ ಗೊತ್ತು. ಮನೆಗೆ ಹೋಗಿ ಹೆಂಡತಿಯನ್ನು ಕೇಳಿದರೆ, “ಎಲ್ಲಾ ಗೊತ್ತು ನನಗೆ. ನಾಳೆ ಡಾಕ್ಟರ ಹತ್ರ ಹೋಗ್ತೀವಿ, ಮಾತಾಡಬೇಡಿ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ಜನ ಒಟ್ಟಿಗೆ ತಪ್ಪಿರಲಾರರು. ರಾತ್ರಿ ಮಲಗಿದಾಗ ಮೇಷ್ಟ್ರು ಎಡಗೈಯನ್ನು ಎದೆಯ ಮೇಲಿಟ್ಟು ಕೇಳಿಸಿಕೊಂಡರು. ಹೊಡೆದುಕೊಳ್ಳುತ್ತಿತ್ತು. ಆದರೆ ಈಗ ಕೇಳಿದರೆ, ಏನೋ ಮನಸ್ಸಿಲ್ಲದೆ ಹೊಡೆದುಕೊಂಡ ಹಾಗಿತ್ತು.

ಬುಧವಾರ ಸಂಜೆ ಕ್ಲಿನಿಕ್ಕಿಗೆ ಹೆಂಡತಿ, ಭಾವ, ಕಾಂಪೌಂಡರ್ ಎಲ್ಲರೂ ಬಂದರು. ಅವರನ್ನು ಹೊರಗೆ ಕೂರಿಸಿ ಡಾಕ್ಟರು ಮೇಷ್ಟ್ರನ್ನು ಒಳಗೆ ಮಲಗಿಸಿ ಎದೆಗೆ, ಕೈಗೆ, ಕಾಲಿಗೆ ತಂತಿ ಅಂಟಿಸಿದರು. ಮಿಷನ್ ಪಟ್ಟಿಯೊಂದನ್ನು ಉಗುಳತೊಡಗಿತು. ಮೇಷ್ಟ್ರು ಕತ್ತು ಎತ್ತಿ ನೋಡಿದರು.

“ಡಾಕ್ಟ್ರೇ, ಅಡ್ಡ ಅಕ್ಷದಲ್ಲಿ ಏನು, ನಿಲುವಿನಲ್ಲಿ ಏನು?”

“ಮಾತಾಡಬೇಡಿ. ಗೆರೆ ಅಲ್ಲಾಡುತ್ತೆ.”

ಪಟ್ಟಿ ಹರಿದುಕೊಳ್ಳುವಷ್ಟರಲ್ಲಿ ಡಾಕ್ಟರಿಗೆ ಫೋನು ಬಂತು. ಪಟ್ಟಿ ಹಿಡಿದುಕೊಂಡೇ ಹೊರಗೆ ಹೋದರು. ಮೇಷ್ಟ್ರು ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕುಳಿತರು. ಎದುರಿನ ಮೇಜಿನ ಮೇಲೆ ಒಂದು ಫೈಲು. ಅದರ ಮೇಲೆ ತಮ್ಮ ಹೆಸರು. ಕೆಳಗೆ ‘ಹೃದಯ’.

ತಮ್ಮ ಹೃದಯವನ್ನು ತಾವು ನೋಡಬಾರದೆಂಬ ಕಾನೂನು ಇದ್ದಂತೆ ಕಾಣಲಿಲ್ಲ. ಬಿಚ್ಚಿದರು.

ಕಪ್ಪಗೆ, ದಪ್ಪಗೆ, ಬೆಟ್ಟದಿಂದ ಜಾರಿಬಿದ್ದ ಹಾಗೆ ಒಂದು ಗೆರೆ. ಎಂಥ ಗ್ರಾಫನ್ನೂ ಓದಬಲ್ಲೆನೆಂಬ ಹಮ್ಮಿನ ಮನುಷ್ಯನಿಗೆ ಇದನ್ನು ಓದಲು ಬಹಳ ಹೊತ್ತು ಬೇಕಾಗಲಿಲ್ಲ. ನಿಲುವಿನಲ್ಲಿರುವುದು ಹೃದಯದ ಶಕ್ತಿ, ನೂರಕ್ಕೆ ಇಷ್ಟು ಎಂದು. ಅಡ್ಡಕ್ಕಿರುವುದು ವಯಸ್ಸು. ಮಿಷನ್ನುಗಳು ಎಷ್ಟು ಮುಂದುವರಿದಿವೆ, ಹುಟ್ಟಿದಂದಿನಿಂದ ಲೆಕ್ಕ ತೆಗೆದು ಕೊಡುತ್ತವೆ. ಮೇಷ್ಟ್ರಿಗೆ ನಲವತ್ತೆಂಟು. ಜೇಬಿನಿಂದ ಸ್ಕೇಲ್ ತೆಗೆದು, ನಲವತ್ತೆಂಟರಿಂದ ಲಂಬವಾಗಿ ಮೇಲಕ್ಕೆ ಹೋಗಿ, ಗೆರೆ ಮುಟ್ಟಿದಲ್ಲಿಂದ ಎಡಕ್ಕೆ ಬಂದರು. ಮೂವತ್ತೈದಕ್ಕೂ ಕಮ್ಮಿ. ಬಲಗಡೆ ನೋಡಿದರು. ಅರವತ್ತಕ್ಕೆ ಗೆರೆಯೇ ನಿಂತುಹೋಗಿತ್ತು.

ಇನ್ನು ಹನ್ನೆರಡು ವರ್ಷ, ಅದೂ ಮೂವತ್ತರಲ್ಲಿ ಎಳೆದಾಡಿಕೊಂಡು. ಹೆಂಡತಿಗೆ ಪಾತ್ರೆಯ ತೂತಿನ ವಿಷಯದಲ್ಲಿ ಸರಿಯಾಗಿ ಕ್ಷಮೆಯನ್ನೂ ಕೇಳಿರಲಿಲ್ಲ. ದೊಡ್ಡ ಕಂಪಾಸು ಶಾಲೆಗೆ ಹೋಗಲಿ, ಸೆಟ್‌ಸ್ಕ್ವೇರುಗಳು ಹಾಲು ಅಳೆಯುವ ಆ ಹುಡುಗಿಗೆ ಇರಲಿ ಎಂದು ಆಸ್ತಿ ಹಂಚತೊಡಗಿದರು. ಅಂಥ ಗಳಿಗೆಯಲ್ಲೂ ಅವರೊಳಗಿನ ಮೇಷ್ಟ್ರು ಸುಮ್ಮನಿರಲಿಲ್ಲ. ಗೆರೆಯೇನೋ ಒಳ್ಳೆಯ ಕೈಯದು, ಗುರುತುಗಳ ಅಂತರ ಅಚ್ಚುಕಟ್ಟು, ಇದನ್ನು ಬರೆದವನಿಗೆ ಯಾರೋ ಚೆನ್ನಾಗಿ ಕಲಿಸಿದ್ದಾರೆ. ಆದರೆ ಅಕ್ಷಕ್ಕೆ ಹೆಸರಿಲ್ಲ, ಏಕಮಾನವಿಲ್ಲ. ಸಾಯುವ ಮನುಷ್ಯನಿಗೆ ಕೊಡುವ ಕಾಗದದಲ್ಲೂ ಇಷ್ಟು ಉಡಾಫೆಯೇ. ಸೊನ್ನೆ.

ಡಾಕ್ಟರು ಒಳಗೆ ಬಂದು ಪಟ್ಟಿಯನ್ನು ಮುಂದೆ ಹಾಕಿದರು. “ನಿಮ್ಮ ಎದೆ ಹೊಸ ಗಡಿಯಾರದ ಹಾಗಿದೆ. ಯಾರು ಹೆದರಿಸಿದ್ದು ನಿಮ್ಮನ್ನ?”

“ಹಾಗಾದ್ರೆ ಇದು?”

“ಅದನ್ನ ನಾನೇ ನಿಮ್ಮನ್ನ ಕೇಳಬೇಕು ಅಂತಿದ್ದೆ. ನಿಮ್ಮ ಭಾವ ಬೆಳಗ್ಗೆ ಕೊಟ್ಟು ಹೋದ್ರು. ನೆಟ್ಟಗೆ ನೋಡ್ದೆ, ತಲೆಕೆಳಗು ಮಾಡಿ ನೋಡ್ದೆ, ಅರ್ಥ ಆಗ್ಲಿಲ್ಲ. ರಾತ್ರಿ ಅಡುಗೆಮನೇಲಿ ಕೂತು ನೀವೇ ಬರೆದಿದ್ದಂತೆ.”

ಆಗ ಮೇಷ್ಟ್ರ ಕಣ್ಣಿಗೆ ಕಾಗದದ ಮೂಲೆಯಲ್ಲಿ ಲೋಟದ ತಳದ ದುಂಡನೆಯ ಕಲೆ ಕಂಡಿತು. ಅವರ ಮುಖ ಕೆಂಪಾಗಿ, ಬಿಳಿಯಾಗಿ, ಮತ್ತೆ ಮೊದಲಿನ ಬಣ್ಣಕ್ಕೆ ಬಂತು.

“ನೋಡಿದ ತಕ್ಷಣ ಗೊತ್ತಾಯ್ತು ನನಗೆ,” ಎಂದರು ಸ್ಕೇಲನ್ನು ಜೇಬಿಗೆ ಇಳಿಬಿಡುತ್ತ. “ಇದು ಬಿಸಿನೀರು.”

ಹೊರಗೆ ಬಂದು ಸರ್ಟಿಫಿಕೇಟನ್ನು ಧ್ವಜದಂತೆ ಹಿಡಿದು ನಿಂತು ಅದನ್ನೇ ಹೇಳಿದರು. “ಭಾವ, ನೀವು ಫೈಲು ಮಾಡಿ ಊರಿಗೆಲ್ಲ ತೋರಿಸಿದ್ದು ಒಂದು ಲೋಟ ಬಿಸಿನೀರು.”

“ಯಾರ ಬಿಸಿನೀರು?” ಎಂದಳು ಹೆಂಡತಿ. ಕಣ್ಣೀರು ಅಲ್ಲಿಗೇ ನಿಂತಿತು. “ನನ್ನ ಅಡುಗೆಮನೇಲಾ?”

“ಅದು ಆಮೇಲೆ.”

“ಬಿಸಿನೀರು ಅಂತ ಎಲ್ಲಾದ್ರೂ ಬರೆದಿತ್ತಾ?” ಭಾವ ದನಿಯೇರಿಸಿದ. “ಬರೆದಿದ್ರೆ ನಾನ್ಯಾಕೆ ಹೃದಯ ಅಂತ ಬರೀತಿದ್ದೆ?”

“ಬರೆದಿತ್ತು. ಅಕ್ಷಕ್ಕೆ ಹೆಸರು ಬರೀದೆ ನಾನು ಇರ್ತೀನಾ ಭಾವ? ಯಾರನ್ನ ಬೇಕಾದ್ರೂ ಕೇಳಿ. ನಿಮ್ಮ ಮಿಷನ್ ನುಂಗಿದೆ.”

“ನನ್ನ ಮಿಷನ್ ಇವತ್ತಿನವರೆಗೆ ಒಂದು ಪೂರ್ಣವಿರಾಮ ನುಂಗಿಲ್ಲ.”

“ನಾನು ನೋಡ್ದಾಗಲೂ ಬರಹ ಕಾಣ್ಲಿಲ್ಲಪ್ಪ,” ಎಂದು ಹೆಂಡತಿ ಮೆಲ್ಲಗೆ ಹೇಳಿದಳು.

“ಅಳ್ತಾ ನೋಡಿದ್ರೆ ಏನು ಕಾಣುತ್ತೆ?”

ಕಾಂಪೌಂಡರ್ ಕಡೆ ಎಲ್ಲರೂ ತಿರುಗಿದರು. ಅವರು ಅಂದು ಕನ್ನಡಕ ಹಾಕಿರಲಿಲ್ಲವೆಂದು ಒಪ್ಪಿಕೊಂಡು, “ಆದರೂ ಮೂವತ್ತು ಅನ್ನೋದು ಕಮ್ಮಿಯೇ” ಎಂದರು. ಭಾವ ಮಾತು ನಿಲ್ಲಿಸಿ, ಮೊದಲ ಸಲ ತನ್ನ ಮಿಷನ್ನಿನ ಮೇಲೆ ಅನುಮಾನ ಬಂದವನಂತೆ ಮನೆಗೆ ಹೋದ.

ಇಷ್ಟಾದ ಮೇಲೆ ಬೇರೆ ಯಾರೇ ಆಗಿದ್ದರೂ ಮಂಚದ ಕೆಳಗಿನ ಸುರುಳಿಯನ್ನು ಒಮ್ಮೆ ಬಿಚ್ಚಿ ನೋಡುತ್ತಿದ್ದರು. ಮೇಷ್ಟ್ರು ನೋಡಲಿಲ್ಲ. ತಾವು ಬರೆದಿದ್ದೇವೆಂದು ನಾಲ್ಕು ಜನರೆದುರು ಹೇಳಿದ್ದನ್ನು ತಾವೇ ಪರೀಕ್ಷಿಸುವುದು ಅವರಿಗೆ ಅವಮಾನವೆನಿಸಿತು.

ಗುರುವಾರ ತರಗತಿಯ ಹಿಂದಿನ ಸಾಲಿನಲ್ಲಿ ಅಧಿಕಾರಿಗಳು ಕುಳಿತರು. ಮಕ್ಕಳ ಬೆಂಚು ಅವರಿಗೆ ಚಿಕ್ಕದಾಗಿ ಮೊಣಕಾಲು ಎದೆಗೆ ಬಂದಿತ್ತು. ಪಕ್ಕದಲ್ಲಿ ಹೆಡ್ ಮೇಡಂ, ಬಾಗಿಲಲ್ಲಿ ಹಸಿರು ಬಣ್ಣದ ಡಬ್ಬಿ ಹಿಡಿದು, ಯಾವುದಕ್ಕೂ ಇರಲಿ ಎಂದು ಡ್ರಾಯಿಂಗ್ ಮೇಡಂ. ಮೇಷ್ಟ್ರು ಕೆಮ್ಮಿ, “ಗ್ರಾಫ್ ಅಂದ್ರೆ ಮಾತಾಡೋ ಚಿತ್ರ. ಅದು ತಪ್ಪು ಮಾತಾಡಬಾರದು, ತೊದಲಬಾರದು. ಮಾದರಿ ಗ್ರಾಫ್ ಹೇಗಿರುತ್ತೆ ಈಗ ನೋಡಿ” ಎಂದು ಹಾಳೆಯನ್ನು ಹಲಗೆಯ ಮೇಲೆ ಬಿಚ್ಚಿ ನಾಲ್ಕು ಮೂಲೆಗೂ ಪಿನ್ನು ಚುಚ್ಚಿ, ಹಿಂದಕ್ಕೆ ಸರಿದು ನಿಂತರು.

ಮುಂದಿನ ಬೆಂಚಿನ ಹುಡುಗಿ, ಆ ಹಾಲಿನವಳೇ, ಕೈ ಎತ್ತಿದಳು. “ಸಾರ್, ಎಕ್ಸ್ ಅಕ್ಷ?”

ಮೇಷ್ಟ್ರು ತಿರುಗಿ ನೋಡಿದರು. ಅಡ್ಡ ಅಕ್ಷ ಬೋಳಾಗಿತ್ತು. ನಿಲುವಿನ ಅಕ್ಷವೂ ಬೋಳು. ಶೀರ್ಷಿಕೆಯ ಜಾಗದಲ್ಲಿ ಬಿಳಿ ಕಾಗದ ಪಳಪಳ ಹೊಳೆಯುತ್ತಿತ್ತು.

“ಹೆಸರಿಲ್ಲ ಸಾರ್,” ಎಂದ ಗಿಡದ ಹುಡುಗ. ಆಮೇಲೆ, ಯಾರೂ ಕೇಳದಿದ್ದರೂ, ವರ್ಷವಿಡೀ ಕಲಿಸಿದ್ದನ್ನು ಇಡೀ ತರಗತಿ ಒಂದೇ ಗಂಟಲಲ್ಲಿ ಹೇಳಿತು: “ಸೊನ್ನೆ ಸಾರ್.”

ಹಿಂದಿನ ಸಾಲಿನಲ್ಲಿ ಬೇರೆಯೇ ಕಥೆ ನಡೆದಿತ್ತು. ತೊಂಬತ್ತರಿಂದ ಮೂವತ್ತಕ್ಕೆ ಬಿದ್ದ ಗೆರೆ ನೋಡಿ ಅಧಿಕಾರಿಗಳು ಕರವಸ್ತ್ರ ತೆಗೆದು ಹಣೆ ಒತ್ತಿಕೊಂಡರು. ಅವರ ವ್ಯಾಪ್ತಿಯ ಶಾಲೆಗಳ ಹಾಜರಾತಿ ಸರಿಯಾಗಿ ಹೀಗೇ ಬಿದ್ದಿತ್ತು, ಅದನ್ನು ಅವರು ಇನ್ನೂ ಮೇಲಿನವರಿಗೆ ಹೇಳಿರಲಿಲ್ಲ.

“ಈ ಅಂಕಿ ಇವರಿಗೆ ಯಾರು ಕೊಟ್ರು?” ಎಂದು ಹೆಡ್ ಮೇಡಮ್ಮಿನ ಕಿವಿಯಲ್ಲಿ ಕೇಳಿದರು.

ಅಂಗಡಿಯಲ್ಲಿ ಹೃದಯವಾಗಿ ಕಂಡಿದ್ದ ಅದೇ ಗೆರೆ ಹೆಡ್ ಮೇಡಮ್ಮಿಗೆ ಈಗ ತಮ್ಮ ಶಾಲೆಗೆ ಸೇರುವ ಮಕ್ಕಳ ಸಂಖ್ಯೆಯ ಹಾಗೆ ಕಂಡಿತ್ತು. “ನಾನಂತೂ ಕೊಟ್ಟಿಲ್ಲ ಸಾರ್. ಆಣೆಗೂ ಕೊಟ್ಟಿಲ್ಲ.”

ಮೇಷ್ಟ್ರಿಗೆ ಕಾಯಂ ಎಂಬ ಪದ ಕಿಟಕಿಯಿಂದ ಹಾರಿಹೋಗುವುದು ಕಾಣಿಸಿತು. ಬಾಯಿಗೆ ಬಂದದ್ದನ್ನು ಹೇಳಿದರು.

“ಸೊನ್ನೆ. ಸರಿ. ಯಾಕೆ ಸೊನ್ನೆ? ಗೆರೆ ಇದೆ, ಗುರುತಿದೆ, ಅಂಕಿ ಇದೆ. ನೋಡಿ ಹೇಳಿ, ಇದು ಏನು?”

ಅದು ಉಪಾಯವಾಗಿರಲಿಲ್ಲ. ಮುಳುಗುವವನು ಕೈಕಾಲು ಬಡಿದದ್ದು. ಆದರೆ ಮಕ್ಕಳಿಗೆ ಅದು ಆಟವಾಯಿತು.

“ಫೋನಿನ ಬ್ಯಾಟರಿ ಸಾರ್.”

“ನಮ್ಮಜ್ಜನ ತಲೆಗೂದಲು ಸಾರ್.”

“ನಿಮ್ಮ ನಾಡಿ ಸಾರ್. ನಮ್ಮನೇಲಿ ಮಾತಾಡ್ತಿದ್ರು.”

“ನಾಡಿ ಆಗಿದ್ರೆ ನಾನು ಇಲ್ಲಿ ನಿಂತಿರ್ತಿದ್ನಾ?” ಮೇಷ್ಟ್ರಿಗೆ ನೆಲ ಸಿಕ್ಕಿತು, ದನಿ ಮರಳಿತು. “ಬ್ಯಾಟರಿ ಅಂದ್ಯಲ್ಲ, ಅದು ಮೂವತ್ತರಲ್ಲಿ ನಿಂತುಬಿಡುತ್ತಾ?”

“ಇಲ್ಲ ಸಾರ್. ಸೊನ್ನೆಗೆ ಹೋಗುತ್ತೆ.”

“ಕೂದಲು?”

“ಅದೂ ನಿಲ್ಲಲ್ಲ ಸಾರ್.”

“ಹಾಗಾದ್ರೆ ಮೊದಲು ಬೇಗ ಬೇಗ ಇಳಿದು, ಆಮೇಲೆ ನಿಧಾನವಾಗಿ, ಕೊನೆಗೆ ಒಂದು ಕಡೆ ನಿಂತುಬಿಡೋದು ಯಾವುದು?”

ಹಾಲಿನ ಹುಡುಗಿ ಹಾಳೆಯನ್ನೇ ದಿಟ್ಟಿಸುತ್ತಿದ್ದಳು. “ಸಾರ್, ಸ್ನಾನದ ನೀರು. ಬಿಟ್ಟರೆ ಆರ್ತಾ ಆರ್ತಾ ಹೋಗಿ, ಆಮೇಲೆ ಇನ್ನು ಆರೋದೇ ಇಲ್ಲ. ಹೊರಗಡೆ ಎಷ್ಟಿದೆಯೋ ಅಷ್ಟೇ.”

“ಬಾ ಇಲ್ಲಿ,” ಎಂದು ಮೇಷ್ಟ್ರು ಪೆನ್ನನ್ನು ಆಕೆಯ ಕೈಗೆ ಕೊಟ್ಟರು. ಆಕೆ ಅಡ್ಡ ಅಕ್ಷದ ಕೆಳಗೆ ‘ಸಮಯ, ನಿಮಿಷಗಳಲ್ಲಿ’ ಎಂದು ಬರೆದಳು. ನಿಲುವಿನ ಪಕ್ಕ ‘ಉಷ್ಣತೆ, ಡಿಗ್ರಿ ಸೆಲ್ಸಿಯಸ್‌ನಲ್ಲಿ’. ಗಿಡದ ಹುಡುಗ ಎದ್ದು ಬಂದು ಶೀರ್ಷಿಕೆ ಬರೆದ: ‘ಬಿಸಿನೀರು ಆರುವ ಬಗೆ.’

“ನೀರಾ?” ಎಂದು ಹಿಂದಿನ ಸಾಲಿನಿಂದ ಅಧಿಕಾರಿಗಳ ದನಿ ಬಂತು. ಅಷ್ಟು ಸಂತೋಷದಿಂದ ಆ ಪದವನ್ನು ಬಾಯಾರಿದವರು ಕೂಡ ಹೇಳಿರಲಾರರು. ಬೆಂಚಿನಿಂದ ಮೊಣಕಾಲು ಬಿಡಿಸಿಕೊಂಡು ಎದ್ದು ಬಂದು ಮೇಷ್ಟ್ರ ಎರಡೂ ಕೈ ಹಿಡಿದರು. “ಅಕ್ಷಕ್ಕೆ ಹೆಸರು ಬರೀರಿ ಅಂತ ಹೇಳೋ ಮೇಷ್ಟ್ರನ್ನ ಬೇಕಾದಷ್ಟು ನೋಡಿದ್ದೀನಿ. ಬರೀದಿದ್ರೆ ಮನುಷ್ಯನಿಗೆ ಏನೇನಾಗುತ್ತೆ ಅಂತ ತೋರಿಸಿದವರು ನೀವೊಬ್ಬರೇ. ಬೇಕು ಅಂತಲೇ ಹೆಸರು ಬಿಟ್ಟಿದ್ದೀರಿ. ನನಗೇ ಒಂದು ಕ್ಷಣ ಎದೆ ಝಲ್ಲಂತು. ಇದು ಬೋಧನೆ.”

ಮೇಷ್ಟ್ರು ಬಾಯಿ ತೆರೆದರು. ಅಧಿಕಾರಿಗಳು ಅಷ್ಟರಲ್ಲಿ ‘ಅತ್ಯಂತ ತೃಪ್ತಿಕರ’ ಎಂದು ಬರೆಯತೊಡಗಿದ್ದರು. ಬರೆಯುವವರ ಕೈಗೆ ಅಡ್ಡ ಬರುವುದು ಸಭ್ಯತೆಯಲ್ಲ. ಮುಚ್ಚಿದರು.

ಸಂಜೆ ಮನೆ ತುಂಬಿತ್ತು. ಹೆಂಡತಿ ಊಟಕ್ಕೆ ಉಪ್ಪು ಹಾಕಿದ್ದಳು, ಅಡುಗೆಮನೆಯ ಒಂದು ಮೂಲೆಯನ್ನು ವಿಜ್ಞಾನಕ್ಕೆ ಬಿಟ್ಟುಕೊಟ್ಟಿರುವುದಾಗಿಯೂ ಘೋಷಿಸಿದ್ದಳು. ಕಾಂಪೌಂಡರ್ ತಾವು ಮೊದಲೇ ನೀರೆಂದು ಹೇಳಿದ್ದಾಗಿ ಓಣಿಗೆಲ್ಲ ತಿಳಿಸಿ ಬಂದಿದ್ದರು. ಕತ್ತಲಾಗುವ ಹೊತ್ತಿಗೆ ಭಾವ ಬಂದ. ಅಂಗಿಯ ತೋಳಿನ ತುಂಬ ಕರಿ ಪುಡಿ.

“ಕ್ಷಮಿಸಬೇಕು,” ಎಂದು ತಲೆ ತಗ್ಗಿಸಿ ನಿಂತ. “ನಿನ್ನೆ ರಾತ್ರಿ ನಿದ್ದೆ ಬರ್ಲಿಲ್ಲ. ಬೆಳಗ್ಗೆ ಮೆಕ್ಯಾನಿಕ್ಕನ್ನ ಕರೆಸಿ ಮಿಷನ್ ಪೂರ್ತಿ ಬಿಚ್ಚಿಸಿದೆ. ನೀವು ಹೇಳಿದ್ದು ನಿಜ. ಅಕ್ಷರ ನುಂಗೋ ಅಭ್ಯಾಸ ಮೊದಲಿಂದಲೂ ಇತ್ತಂತೆ, ನಾವು ಗಮನಿಸಿಲ್ಲ ಅಷ್ಟೇ ಅಂದ. ಒಳಗಿನ ದೊಡ್ಡ ಭಾಗವನ್ನೇ ಬದಲಾಯಿಸಿದ್ದಾನೆ. ಇಷ್ಟು ವರ್ಷ ಅದನ್ನ ನಂಬಿ ಕೂತಿದ್ದೆ ನಾನು.”

ಹೆಂಡತಿ ಗಂಡನ ಮುಖವನ್ನೇ ನೋಡುತ್ತಿದ್ದಳು, ಸ್ವಲ್ಪ ಹೆಚ್ಚಾಗಿಯೇ. ಮೇಷ್ಟ್ರು ಕುರ್ಚಿಯಿಂದ ಎದ್ದು ಭಾವನ ಹೆಗಲ ಮೇಲೆ ಕೈಯಿಟ್ಟರು.

“ಹೋಗ್ಲಿ ಬಿಡಿ ಭಾವ,” ಎಂದರು. “ಮಿಷನ್ನು ತಾನೆ. ತಪ್ಪು ಯಾರಿಂದ ಆಗಲ್ಲ?”

“ದೊಡ್ಡ ಮನಸ್ಸು ನಿಮ್ಮದು,” ಎಂದು ಭಾವ ಕಣ್ಣೊರೆಸಿಕೊಂಡ. ಕೈಯ ಪುಡಿ ಕಣ್ಣಿಗೆ ಹೋಗಿ ಇನ್ನಷ್ಟು ನೀರು ಬಂತು. ಮೇಷ್ಟ್ರು ತಮ್ಮ ಕರವಸ್ತ್ರವನ್ನೇ ಕೊಟ್ಟರು. ಹೆಸರು ಬಿಟ್ಟದ್ದು ಬೇಕೆಂದಲ್ಲ ಎಂಬುದನ್ನು ಇಲಾಖೆಗೆ, ಮಿಷನ್ ಏನನ್ನೂ ನುಂಗಿರಲಿಲ್ಲ ಎಂಬುದನ್ನು ಭಾವನಿಗೆ, ಕ್ಲಿನಿಕ್ಕಿನಲ್ಲಿ ಸ್ಕೇಲ್ ಹಿಡಿದು ತಮ್ಮ ಆಯುಷ್ಯ ಅಳೆದದ್ದನ್ನು ಹೆಂಡತಿಗೆ, ಹೀಗೆ ಮೂರನ್ನೂ ಈ ಜನ್ಮದಲ್ಲಿ ಯಾರಿಗೂ ಹೇಳಬಾರದೆಂದು ಅವರು ಆ ಕ್ಷಣವೇ ನಿಶ್ಚಯಿಸಿ, ಭಾವನನ್ನು ಊಟಕ್ಕೆ ಕೂರಿಸಿದರು.